ಫ್ರಿಜ್ ಮೇಲಿನ ಮಾತ್ರೆ ಡಬ್ಬಿ

ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಭಾನುವಾರ ಬೆಳಿಗ್ಗೆ ಪೋಷಕರ ಸಭೆ ಇತ್ತು. ಮಾದಕ ವಸ್ತುಗಳಿಂದ ಮಕ್ಕಳನ್ನು ದೂರ ಇಡುವುದು ಹೇಗೆ ಎಂಬುದು ವಿಷಯ. ಇಂಥ ಸಭೆಗಳಲ್ಲಿ ಭಾಷಣ ಕೇಳಿ, ಕೈ ಮುಂದೆ ಚಾಚಿ ಪ್ರಮಾಣವಚನ ಹೇಳಿ, ಉಪ್ಪಿಟ್ಟು ತಿಂದು ಹೋಗುವುದು ವಾಡಿಕೆ. ಈ ಸಲ ಎಲ್ಲರಿಗೂ ಮೊದಲೇ ಒಂದು ಮಾತು ಹೇಳಿ ಕಳಿಸಿದ್ದೆವು: ಮನೆಯಲ್ಲಿರುವ ಮಾತ್ರೆ, ಟಾನಿಕ್, ಅರ್ಧ ಖಾಲಿಯಾದ ಸ್ಟ್ರಿಪ್, ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಬನ್ನಿ.

ಬಂದವರು ಚೀಲಗಳನ್ನು ಲ್ಯಾಬಿನ ಉದ್ದ ಮೇಜಿನ ಮೇಲೆ ಸುರಿದರು. ಹಿರಿಯರೊಬ್ಬರು, "ಇದು ಇಳಕಲ್ಲ ಅಪ್ಪಗಳ ಜೋಳಿಗಿ ಆತಲ್ರೀ" ಎಂದು ನಕ್ಕರು. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರು ತಿರುಗಿ ಜನರ ದುಶ್ಚಟಗಳನ್ನು ಜೋಳಿಗೆಗೆ ಬೇಡುತ್ತಿದ್ದುದು ಈ ಭಾಗದವರಿಗೆ ಚೆನ್ನಾಗಿ ಗೊತ್ತು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಬೀಡಿ, ಗುಟ್ಕಾ ಹಾಕಿದವರಿಗೆ ಅದು ಚಟ ಎಂದು ಗೊತ್ತಿತ್ತು. ಇಲ್ಲಿ ಮೇಜಿನ ಮೇಲಿದ್ದದ್ದನ್ನು ಯಾರೂ ಹಾಗೆ ಎಣಿಸಿರಲಿಲ್ಲ.

ವಿಂಗಡಿಸಲು ಕೂತೆವು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ನೋಡಿ ಕೆಲವರು ಗಾಬರಿಯಾದರು. ಆ ಗೆರೆ ಇದ್ದರೆ ವೈದ್ಯರ ಚೀಟಿ ಬೇಕು ಎಂದಷ್ಟೇ ಅರ್ಥ, ಆಂಟಿಬಯಾಟಿಕ್ ಮೇಲೂ ಅದು ಇರುತ್ತದೆ. ಹುಡುಕಬೇಕಾದದ್ದು ಕೆಂಪಕ್ಷರದ 'ಎನ್‌ಆರ್‌ಎಕ್ಸ್' ಗುರುತನ್ನು. ಅದಿದ್ದರೆ ಆ ಔಷಧ ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥವು ಸಾಕಷ್ಟು ಸಿಕ್ಕವು. ಅಜ್ಜಿಯ ನಿದ್ದೆಗೆಂದು ಬರೆದುಕೊಟ್ಟ ಆಲ್ಪ್ರಜೋಲಾಂ 0.25, ಮಂಡಿ ಆಪರೇಷನ್ ಆದಮೇಲೆ ಉಳಿದ, ಅಫೀಮು ಜಾತಿಯ ನೋವಿನ ಮಾತ್ರೆ ಟ್ರಮಡಾಲ್, ಯಾವುದೋ ಹಳೇ ಕೆಮ್ಮಿಗೆ ತಂದ ಕೋಡೀನ್ ಸಿರಪ್. ಟ್ರಮಡಾಲ್ ಈ ಕಾಯ್ದೆಯೊಳಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲಿನ ಸ್ಟ್ರಿಪ್ಪುಗಳಲ್ಲಿ ಈ ಗುರುತು ಇರುವುದಿಲ್ಲ, ಹಾಗಾಗಿ ಹೆಸರನ್ನೂ ಓದಬೇಕು.

ನೋವಿನ ಮಾತ್ರೆಗಳಲ್ಲಿ ಹೆಚ್ಚಿನವು 37.5 ಮಿ.ಗ್ರಾಂ ಟ್ರಮಡಾಲ್ ಜೊತೆಗೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಸೇರಿಸಿದವು. ಇದನ್ನು ಬಿಡಿಸಿ ಹೇಳಲೇಬೇಕು. ಅಮಲಿಗೆಂದು ಇದನ್ನು ನುಂಗುವ ಹುಡುಗ ತನಗೆ ಗೊತ್ತಿಲ್ಲದೆ ಪ್ಯಾರಾಸಿಟಮಾಲನ್ನೂ ರಾಶಿ ರಾಶಿ ನುಂಗುತ್ತಾನೆ. ಮೊದಲ ದಿನ ವಾಂತಿ, ಸುಸ್ತು ಬಿಟ್ಟರೆ ಏನೂ ಕಾಣದು. ಯಕೃತ್ತು ಕೆಟ್ಟದ್ದು ಬಯಲಾಗುವುದು ಎರಡು ಮೂರು ದಿನ ಕಳೆದ ಮೇಲೆ. ಜೊತೆಗೆ ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರಬಹುದು. ಆಗ ಕೈಗೆ ಕಬ್ಬಿಣ ಹಿಡಿಸುತ್ತ, ಬಾಯಿಗೆ ಚಮಚ ತುರುಕುತ್ತ ಕೂತರೆ ಆಸ್ಪತ್ರೆಗೆ ಒಯ್ಯುವ ಹೊತ್ತು ಕಳೆದುಹೋಗುತ್ತದೆ.

"ಇವನ್ನ ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದೆವು. ಫ್ರಿಜ್ ಮೇಲಿನ ಬಿಸ್ಕತ್ ಡಬ್ಬಿ, ಟಿವಿ ಪಕ್ಕ, ದೇವರ ಗೂಡಿನ ಕೆಳಗೆ. ಬೀಗ ಹಾಕುವ ಕಡೆ ಯಾರೂ ಇಟ್ಟಿರಲಿಲ್ಲ. ಒಡವೆಗೆ ಬೀರು ಇರುವ ಮನೆಯಲ್ಲಿ ಈ ಸ್ಟ್ರಿಪ್ಪುಗಳಿಗೂ ಅದರಲ್ಲೇ ಜಾಗ ಕೊಡಬಹುದು. ತಂದ ದಿನವೇ ಸ್ಟ್ರಿಪ್ಪಿನ ಬೆನ್ನ ಮೇಲೆ ಮಾರ್ಕರ್‌ನಿಂದ ತಾರೀಖು ಬರೆಯಿರಿ. ಅಜ್ಜಿಗೆ ಒಂದು ವಾರದ್ದನ್ನಷ್ಟೇ ಕತ್ತರಿಸಿ ಕೊಟ್ಟು ಉಳಿದದ್ದನ್ನು ಒಳಗಿಡಿ. ಪ್ರತಿ ಭಾನುವಾರ ಎಣಿಸಿ. ಎಣಿಕೆ ಎಂದರೆ ಮಗನ ಮೇಲೆ ಪತ್ತೇದಾರಿಕೆ ಎಂದು ಕೆಲವರಿಗೆ ಮುಜುಗರ. ಮಗನೆದುರೇ ಎಣಿಸಿದರೆ ಅದು ಬರೀ ಮನೆಯ ಪದ್ಧತಿ. ಕದ್ದು ಎಣಿಸಿದರೆ ಮಾತ್ರ ಅನುಮಾನ. ಆಪರೇಷನ್ ಆದಾಗ ತಿಂಗಳಿಗಾಗುವಷ್ಟು ನೋವಿನ ಮಾತ್ರೆ ಬೇಡ, ಐದು ದಿನಕ್ಕೆ ಬರೆಯಿರಿ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬೇಡವಾದದ್ದನ್ನು ಏನು ಮಾಡುವುದು? ಹೆಚ್ಚಿನ ಔಷಧಗಳನ್ನು ಚರಂಡಿಗೆ ಸುರಿಯಬಾರದು. ಆದರೆ ಟ್ರಮಡಾಲ್, ಅದೇ ಜಾತಿಯ ಟಪೆಂಟಡಾಲ್, ನಿದ್ದೆ-ಆತಂಕಕ್ಕೆ ಕೊಡುವ ಡಯಾಜಿಪಾಂ ಸೇರಿದಂತೆ 17 ಔಷಧಗಳು ಮನೆಯಲ್ಲಿ ಉಳಿಯುವುದೇ ಹೆಚ್ಚು ಅಪಾಯ ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಪಟ್ಟಿ ಮಾಡಿ, ಅವನ್ನು ಟಾಯ್ಲೆಟ್ಟಿಗೆ ಹಾಕಿ ನೀರು ಬಿಡಲು ಹೇಳಿದೆ.

ಡಬ್ಬಿಗಿಂತ ದೊಡ್ಡ ಕಿಂಡಿ ಒಂದಿದೆ, ಅದನ್ನು ಮಾಡಿಕೊಟ್ಟವರು ನಾವೇ ದೊಡ್ಡವರು. ಖಾಲಿ ಸ್ಟ್ರಿಪ್ ಕೈಗೆ ಕೊಟ್ಟು, "ಇದನ್ನ ತೋರ್ಸಿ ಇನ್ನೊಂದ್ ತಗೊಂಡ್ ಬಾ" ಎಂದು ಹದಿನೈದರ ಹುಡುಗನನ್ನು ಮೆಡಿಕಲ್ ಶಾಪಿಗೆ ಓಡಿಸುವ ಅಭ್ಯಾಸ. ಚೀಟಿ ಇಲ್ಲದೆ, ಮುಖ ಪರಿಚಯದ ಮೇಲೆ ಮಾತ್ರೆ ಸಿಗುತ್ತದೆ ಎಂಬ ಪಾಠ ಅವನಿಗೆ ಅಲ್ಲೇ ಆಗುತ್ತದೆ. ನಿಯಮ ಹಾಗಿಲ್ಲ. ಆಲ್ಪ್ರಜೋಲಾಂ, ನಿದ್ದೆ ಮಾತ್ರೆ ಜೋಲ್ಪಿಡೆಂ, ಟ್ರಮಡಾಲ್, ಕೋಡೀನ್ ಎಲ್ಲ ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದಂತೆ ಅಂಗಡಿಯವರು ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮತ್ತೆ ಕೊಡಬಹುದು ಎಂದು ವೈದ್ಯರೇ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಚೀಟಿಯ ಮೇಲೆ ಅಂಗಡಿ ಸೀಲು, ತಾರೀಖು ಬಿದ್ದಿರಬೇಕು. ವಾಟ್ಸಾಪ್ ಫೋಟೋಗೆ ಸೀಲು ಬೀಳುವುದಿಲ್ಲ, ಅದೇ ಒಂದು ಫೋಟೋ ಹತ್ತು ಅಂಗಡಿ ಸುತ್ತಬಹುದು. "ಚೀಟಿ ತಗೊಂಬಾ ಅಂದ್ರ ನೀವೇ ಫೋನ್ ಮಾಡಿ ಬೈತೀರಿ" ಎಂದು ಅಲ್ಲಿದ್ದ ಫಾರ್ಮಸಿಸ್ಟ್ ಒಬ್ಬರು ಹೇಳಿದಾಗ ಯಾರೂ ತಕರಾರು ಮಾಡಲಿಲ್ಲ.

ಆದರೂ ಹೆಚ್ಚಿನವರು ಕೇಳಲು ಬಂದಿದ್ದು ಕ್ರಿಸ್ಟಲ್ ಬಗ್ಗೆ, ಅಂದರೆ ನಿದ್ದೆಗೆಡಿಸಿ ಕೆರಳಿಸುವ ಮಾದಕ ಮೆಥಾಂಫೆಟಮಿನ್, ಚಿಕ್ಕದಾಗಿ ಮೆಥ್. ಬೆಂಗಳೂರಿಗೆ ಓದಲು ಹೋಗುವ ಮಕ್ಕಳ ಚಿಂತೆ ಅದು. ನೀಟ್ ಓದುವ ಹುಡುಗರಿಗೆ ಅದು ಅಮಲಿನ ಹೆಸರಿನಲ್ಲಿ ಬರಬೇಕೆಂದಿಲ್ಲ, "ನಿದ್ದೆ ಬರಲ್ಲ, ಓದಬಹುದು" ಎಂಬ ಹೆಸರಿನಲ್ಲೂ ಬರಬಹುದು. ಅದೇ ಆಸೆಗೆ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನೂ ಹುಡುಕುತ್ತಾರೆ. ಗಮನದ ತೊಂದರೆ ಎಂದು ವೈದ್ಯರು ಗುರುತಿಸಿದ ಮಕ್ಕಳಿಗೆ ಅದು ಔಷಧ. ಉಳಿದವರಿಗೆ ಓದಿದ ಭ್ರಮೆ, ಕೆಟ್ಟ ನಿದ್ದೆ, ಮರುದಿನ ಮರೆವು.

ಲಕ್ಷಣಗಳ ಬಗ್ಗೆ ಅವಸರದ ತೀರ್ಪು ಬೇಡ. ಮೆಥ್ ತೆಗೆದುಕೊಂಡವರಿಗೆ ಬಿಸಿಲಿನಲ್ಲೂ ಕಣ್ಣಿನ ಪಾಪೆ ಹಿಗ್ಗಿರುತ್ತದೆ, ಹಸಿವಿಲ್ಲ, ಹಲ್ಲು ಕಡಿಯುವುದು, ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ಆಮೇಲೆ ಇಡೀ ದಿನ ಏಳದೆ ಮಲಗುವುದು, ಯಾರೋ ನೋಡುತ್ತಿದ್ದಾರೆಂಬ ಸಂಶಯ. ಟ್ರಮಡಾಲ್, ಟಪೆಂಟಡಾಲ್‌ನಂಥವಕ್ಕೆ ತದ್ವಿರುದ್ಧ: ಪಾಪೆ ಕಿರಿದಾಗುತ್ತದೆ, ತೂಕಡಿಕೆ, ಮೈ ತುರಿಕೆ, ಮಲಬದ್ಧತೆ. ನಿದ್ದೆ ಮಾತ್ರೆಯಾದರೆ ತೊದಲು, ನಿನ್ನೆ ರಾತ್ರಿಯದು ನೆನಪಿಲ್ಲದಿರುವುದು. ಯಾವುದೊಂದೂ ಒಂಟಿಯಾಗಿ ಸಾಕ್ಷಿಯಲ್ಲ, ಪರೀಕ್ಷೆ ಹತ್ತಿರ ಬಂದಾಗ ಅರ್ಧ ಲಕ್ಷಣ ಎಲ್ಲ ಮಕ್ಕಳಲ್ಲೂ ಇರುತ್ತದೆ. ಆನ್‌ಲೈನಿನಲ್ಲಿ ಸಿಗುವ ಮೂತ್ರ ಪರೀಕ್ಷೆ ಕಿಟ್ ತರಬಹುದೇ ಎಂದು ಒಬ್ಬ ತಂದೆ ಕೇಳಿದರು. ಸಾಧಾರಣ ಕಿಟ್ಟಿನಲ್ಲಿ ಅಫೀಮಿನಂಥದನ್ನು ಹಿಡಿಯುವ ಓಪಿಯೇಟ್ ಪಟ್ಟಿಗೆ ಟ್ರಮಡಾಲ್ ಸಿಕ್ಕುವುದಿಲ್ಲ, ಮೆಥ್ ಎರಡು ಮೂರು ದಿನ ಕಳೆದರೆ ತಪ್ಪಿಹೋಗಬಹುದು, ನೆಗಡಿಯ ಸ್ಯೂಡೋಎಫೆಡ್ರಿನ್ ಮಾತ್ರೆ ನುಂಗಿದವನನ್ನು ಮೆಥ್ ಎಂದು ತೋರಿಸಲೂಬಹುದು. ತಪ್ಪಿಲ್ಲದ ಮಗನನ್ನು ಕಳ್ಳನೆನ್ನಲು, ತಪ್ಪಿದ್ದವನನ್ನು ಬಿಟ್ಟುಬಿಡಲು ಅದೊಂದು ಸುಲಭ ದಾರಿ.

ಹೆದರಿಸುವ ಚಿತ್ರ ತೋರಿಸಿ ಎಂಬ ಬೇಡಿಕೆಯೂ ಬಂತು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 2005ರಿಂದ ಕೊಳೆತ ಹಲ್ಲು, ಹುಣ್ಣಾದ ಮುಖದ ಜಾಹೀರಾತುಗಳನ್ನು ಊರ ತುಂಬ ಹಾಕಿದ್ದರು. 2010ರ ಅಧ್ಯಯನವೊಂದರಲ್ಲಿ ಅದರಿಂದ ಮಕ್ಕಳ ಮೆಥ್ ಬಳಕೆ ಇಳಿದದ್ದು ಕಾಣಲಿಲ್ಲ. ಇಳಿದದ್ದು ಅಯೋವಾದಲ್ಲಿ, ತೀರಾ ಸಪ್ಪೆ ಎನಿಸುವ ಕೆಲಸದಿಂದ. ಆರನೇ ತರಗತಿಯ ಮಕ್ಕಳಿಗೂ ತಂದೆತಾಯಿಗೂ ವಾರಕ್ಕೊಂದರಂತೆ ಏಳು ತರಗತಿ. ಮೊದಲ ಗಂಟೆ ಬೇರೆ ಬೇರೆ, ಎರಡನೇ ಗಂಟೆ ಒಟ್ಟಿಗೆ. ನಿಯಮ ಹಾಕುವುದು, ಕೋಪ ತಡೆಯುವುದು, ಗೆಳೆಯರಿಗೆ ಬೇಡ ಎನ್ನುವುದು, ಇಷ್ಟೇ ಪಾಠ. ಹನ್ನೆರಡನೇ ತರಗತಿಗೆ ಬಂದಾಗ ಆ ಮಕ್ಕಳಲ್ಲಿ ಮೆಥ್ ಮುಟ್ಟಿದವರು ಕಡಿಮೆ.

ಆ ಮಧ್ಯಾಹ್ನ ಗೆಳೆಯರಿಗೆ ಬೇಡ ಎನ್ನುವುದನ್ನು ನಾವೂ ಮಾಡಿ ನೋಡಿದೆವು. ಗೆಳೆಯರು ಒತ್ತಾಯ ಮಾಡಿದಾಗ ಮನೆಗೆ ಕಳಿಸಲು ಮಕ್ಕಳು ಒಂದು ಗುಟ್ಟಿನ ಸಂದೇಶ ಆರಿಸಿಕೊಳ್ಳಬೇಕು. "ಅಜ್ಜಿ ಊಟ ಮಾಡಿದ್ಲಾ?" ಎಂದು ಬಂದರೆ ಅಪ್ಪ ಕೂಡಲೇ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ "ಈಗ್ಲೇ ಮನಿಗೆ ಬಾ" ಎಂದು ಗದರಬೇಕು. ಮಗ ಗೆಳೆಯರೆದುರು ಮುಖ ಉಳಿಸಿಕೊಂಡು ಎದ್ದು ಬರುತ್ತಾನೆ. ಷರತ್ತು ಒಂದೇ: ಮನೆಗೆ ಬಂದಮೇಲೆ ಆ ರಾತ್ರಿ ವಿಚಾರಣೆ ಇಲ್ಲ. ತಂದೆಯರಿಗೆ ಗದರುವುದು ಸಲೀಸಾಯಿತು, ವಿಚಾರಣೆ ಬಿಡುವುದು ಕಷ್ಟವಾಯಿತು.

ಮೇಜಿನ ಮೇಲೆ ಬಾರದ ಅಪಾಯವೂ ಉಂಟು. 2019ರಲ್ಲಿ ಪ್ರಕಟವಾದ ಮಾದಕ ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡದ್ದು ಮೂಸುವ ಪದಾರ್ಥ: 10ರಿಂದ 17 ವರ್ಷದವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ವೈಟ್ನರ್, ಥಿನ್ನರ್, ಪಂಕ್ಚರ್ ಸಲ್ಯೂಷನ್.

ತುರ್ತಿನ ವಿಷಯ ಬರೆದುಕೊಳ್ಳಲು ಹೇಳಿದೆವು. ಮಗ ಗೊರಗೊರ ಗೊರಕೆ ಹೊಡೆಯುತ್ತ ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದ್ದರೆ, ಅದು ಗಾಢ ನಿದ್ದೆಯಲ್ಲ. ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು ಇದ್ದರಂತೂ 108ಕ್ಕೆ ಫೋನ್ ಮಾಡುವುದೇ ಮೊದಲ ಕೆಲಸ. ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿ. ಉಪ್ಪು ನೀರು, ಮಜ್ಜಿಗೆ, ನಿಂಬೆಹಣ್ಣು ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸಿಕ್ಕ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಜೊತೆಗೆ ಒಯ್ಯಿರಿ. ಓಪಿಯಾಯ್ಡ್, ಅಂದರೆ ಟ್ರಮಡಾಲಿನಂಥ ಅಫೀಮು ಜಾತಿಯದು ಎಂದು ಗೊತ್ತಾದರೆ ವೈದ್ಯರು ಅದರ ಪರಿಣಾಮ ಇಳಿಸುವ ನಲಾಕ್ಸೋನ್ ಕೊಡಬಹುದು. ಮೆಥ್‌ನಿಂದ ಮೈ ಕಾದು ಕೂಗಾಡುವವನನ್ನು ಕಟ್ಟಿಹಾಕಬೇಡಿ. ಗದ್ದಲವಿಲ್ಲದ ಕೋಣೆ, ಒದ್ದೆ ಬಟ್ಟೆ, ಫ್ಯಾನು, ಮತ್ತು ಆಂಬುಲೆನ್ಸ್.

ಸಭೆ ಮುಗಿದ ಮೇಲೆ ತಾಯಿಯೊಬ್ಬರು ಉಳಿದುಕೊಂಡು ಕೇಳಿದರು: "ಆಸ್ಪತ್ರಿಗೆ ಹೋದ್ರ ಪೊಲೀಸ್ ಕೇಸ್ ಆಗತೈತೇನ್ರೀ?" ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಶಿಕ್ಷೆ ಕಾದಿರುವುದು ಮಗುವಿಗೆ ಮಾದಕ ಕೊಟ್ಟವನಿಗೆ: ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ವ್ಯಸನಮುಕ್ತಿ ಸಹಾಯವಾಣಿ 14446, ಇಲ್ಲವೇ ಮಾನಸಿಕ ಆರೋಗ್ಯದ ಟೆಲಿಮಾನಸ್ 14416. ನೇರವಾಗಿ ಹೋಗುವುದಾದರೆ ಚಿಗಟೇರಿ ಜಿಲ್ಲಾಸ್ಪತ್ರೆ. ತಾಲ್ಲೂಕಿನವರು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸಬಹುದು. ಮಗುವನ್ನು ಒಳರೋಗಿಯಾಗಿ ಸೇರಿಸಬೇಕಾದರೆ ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ಪೋಷಕರು ಇಲ್ಲವೇ ಅವರು ನೇಮಿಸಿದವರೊಬ್ಬರು ಜೊತೆಗಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವುದು ಹಾಗೆ. ಇದಕ್ಕೊಪ್ಪದ ಕೇಂದ್ರದ ಬಾಗಿಲಿಂದಲೇ ವಾಪಸ್ ಬನ್ನಿ. ಮತ್ತೆ, ನಿದ್ದೆ ಮಾತ್ರೆ ತಿಂಗಳುಗಟ್ಟಲೆ ನುಂಗಿದ್ದಾನೆ ಎಂದು ಗೊತ್ತಾದ ಸಿಟ್ಟಿನಲ್ಲಿ ಅವತ್ತೇ ಎಲ್ಲ ಕಿತ್ತು ಬಿಸಾಡಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಅಲ್ಲಿವರೆಗೆ ಆ ಸ್ಟ್ರಿಪ್ ನಿಮ್ಮ ಬೀಗದೊಳಗಿರಲಿ.