ಊಟ, ತಿಂಡಿ, ಕಷಾಯ ಎಲ್ಲ ಸೇರಿ: ತೀರ್ಥಹಳ್ಳಿ ಸೀಮೆಯ ಹೋಂಸ್ಟೇ ಪ್ಯಾಕೇಜು ಯಾರಿಗೆ ಒಗ್ಗುತ್ತದೆ?

ತೀರ್ಥಹಳ್ಳಿ, ಆಗುಂಬೆ, ಹೊಸನಗರದ ಕಡೆ ಉಳಿಯಲು ಮನೆ ಹುಡುಕಿದರೆ ದರ ಹೇಳುವುದು ರೂಮಿಗಲ್ಲ, ತಲೆಗೆ. ಮಧ್ಯಾಹ್ನದ ಊಟ, ಸಂಜೆ ಕಾಫಿ ಜೊತೆಗೊಂದು ಕುರುಕಲು, ರಾತ್ರಿ ಊಟ, ಮರುದಿನ ಬೆಳಗಿನ ತಿಂಡಿ ಎಲ್ಲ ಅದರಲ್ಲೇ. ಇದಕ್ಕೆ ಕಾರಣವೂ ಇದೆ. ಈ ಮನೆಗಳಿರುವುದು ಅಡಿಕೆ ತೋಟದ ತಲೆಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ. ಮಳೆಗಾಲದ ರಾತ್ರಿ, ಕರೆಂಟಿಲ್ಲದ ಹೊತ್ತಿನಲ್ಲಿ, ಊಟ ಹುಡುಕಿಕೊಂಡು ತೀರ್ಥಹಳ್ಳಿ ಪೇಟೆಗೆ ಹೋಗಿಬರುವುದು ಹೊಸಬರ ಕೈಯಲ್ಲಾಗುವ ಕೆಲಸವಲ್ಲ. ಹಾಗಾಗಿ ಪ್ಯಾಕೇಜು ಬೇಡ ಎಂದು ನಾನು ಹೇಳುವುದಿಲ್ಲ. ರಾತ್ರಿ ಊಟ, ಬೆಳಗಿನ ತಿಂಡಿಗೆ ಖಂಡಿತ ತೆಗೆದುಕೊಳ್ಳಿ. ಮಧ್ಯಾಹ್ನದ ಊಟದ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಹೂಂ ಅನ್ನಬೇಡಿ.

ಎಲ್ಲ ಸೇರಿಸಿ ಒಂದೇ ದುಡ್ಡು ಎನ್ನುವ ಪದ್ಧತಿ ಜನಪ್ರಿಯವಾಗಿದ್ದು 1950ರ ನಂತರ. ಆ ವರ್ಷ ಕ್ಲಬ್ ಮೆಡ್‌ನವರು ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಶುರುಮಾಡಿದ ಶಿಬಿರ ಆಮೇಲೆ ಲೋಕದ ತುಂಬ ಹಬ್ಬಿತು. ನಮ್ಮ ಕಡೆ ದೊಡ್ಡ ರೆಸಾರ್ಟಿನಲ್ಲಿ ಬುಕ್ ಮಾಡುವಾಗ ಸಿ.ಪಿ., ಎಂ.ಎ.ಪಿ., ಎ.ಪಿ. ಎಂದು ಬರೆದಿರುತ್ತಾರೆ. ಸಿ.ಪಿ. ಅಂದರೆ ತಿಂಡಿ ಮಾತ್ರ. ಎಂ.ಎ.ಪಿ. ಅಂದರೆ ತಿಂಡಿಯ ಜೊತೆ ಇನ್ನೊಂದು ಹೊತ್ತಿನ ಊಟ. ಎ.ಪಿ. ಅಂದರೆ ಮೂರೂ ಹೊತ್ತು. ಹೋಂಸ್ಟೇಯವರಿಗೆ ಈ ಅಕ್ಷರಗಳ ಹಂಗಿಲ್ಲ, ಫೋನಿನಲ್ಲೇ ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಬೇಕು.

ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಅತ್ತೆ, ಭಾವನವರ ಸಂಸಾರ, ಮಕ್ಕಳು, ನಾವು. ದರ ತಲೆಗೆ 2,200 ರೂಪಾಯಿ, ಹತ್ತು ವರ್ಷದೊಳಗಿನವರಿಗೆ ಅರ್ಧ. ಬೆಂಗಳೂರಿನಿಂದ ಬರುವವರಿಗೆ ಮೈಸೂರು-ತಾಳಗುಪ್ಪ ರಾತ್ರಿ ರೈಲು ಅನುಕೂಲ, ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿಸುತ್ತದೆ. ಆದರೆ ಹೋಂಸ್ಟೇಯ ಬಾಗಿಲು ತೆರೆಯುವುದು ಹನ್ನೆರಡಕ್ಕೆ. ನಡುವಿನ ಹೊತ್ತನ್ನು ತೀರ್ಥಹಳ್ಳಿ ರಸ್ತೆಯಲ್ಲೇ ಕಳೆಯಬಹುದು. ಶಿವಮೊಗ್ಗದಿಂದ 14 ಕಿ.ಮೀ. ದೂರದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆಗಳನ್ನು ತುಂಗೆಯ ಹಿನ್ನೀರಿಗಿಳಿಸಿ ಮೈತೊಳೆಯುತ್ತಾರೆ, ಮಧ್ಯಾಹ್ನ ಹೋದರೆ ಏನೂ ಕಾಣದು. ಅಲ್ಲಿಂದ ಮುಂದೆ ಮಂಡಗದ್ದೆ. ಹೊಳೆ ನಡುವಿನ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಮಳೆಗಾಲದಲ್ಲಿ ಕೊಂಬೆ ಕಾಣದಷ್ಟು ಇರುತ್ತವೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಹೀಗೆ ನಿಂತು ನಿಂತು ಹೋದರೆ ಸರಿಯಾಗಿ ಊಟದ ಹೊತ್ತಿಗೆ ಮನೆ ಮುಟ್ಟುತ್ತೀರಿ.

ಅಂಗಳದಲ್ಲಿ ಕಾರು ನಿಂತ ತಕ್ಷಣ ಮನೆಯಮ್ಮ ಹೊರಗೆ ಬಂದು ಕೇಳಿದ್ದು "ಬನ್ನಿ ಬನ್ನಿ, ಆಸರಿಗೆ ಎಂಥ ಬೇಕು?" ಎಂದು. ಆಧಾರ್ ಕಾರ್ಡ್ ಕೇಳಿದ್ದು ಊಟ ಆದ ಮೇಲೆ. ಪಾನಕ ಬಂತು, ಬಿಸಿನೀರು ಬಂತು, ಮಕ್ಕಳ ಕೈಗೆ ಹಲಸಿನ ಹಪ್ಪಳ ಬಂತು. ಈ ಒಳಕರೆದು ಕೂರಿಸುವ ಗುಣವನ್ನು ಯಾವ ದರಪಟ್ಟಿಯಲ್ಲೂ ಬರೆಯಲಾಗದು.

ನಮ್ಮ ಜೊತೆ ಬೇರೆ ಬೇರೆ ಊರಿನ ಅತಿಥಿಗಳೂ ಇದ್ದರು. ಉದ್ದ ಬೆಂಚಿನ ಮೇಲೆ ಒಟ್ಟಿಗೆ ಕೂತು ಉಣ್ಣುವ ಮನೆಯಲ್ಲಿ ಎರಡನೇ ಹೊತ್ತಿಗೆ ಎಲ್ಲರ ಪರಿಚಯವೂ ಆಗಿಬಿಡುತ್ತದೆ. ರಾತ್ರಿ ಕಡುಬು, ಕೋಳಿಸಾರು, ಸೊಪ್ಪಿನ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಎದುರಿಗೆ ಕೂತ ಹುಡುಗ ಮೊದಲ ಕಡುಬು ಮುರಿಯುವಾಗಲೇ ಕೇಳಿದ, "ಆಂಟಿ, ಇದು ಅನ್‌ಲಿಮಿಟೆಡ್ಡಾ?" ಅವರು ಸೌಟು ಹಿಡಿದುಕೊಂಡೇ ಅಂದರು, "ಹೊಟ್ಟೆಗೇ ಲಿಮಿಟ್ ಇರ್ತದಲ ಮಾರಾಯ್ರೆ, ಕೂತ್ಕಳಿ, ಬಡಿಸ್ತೀನಿ." ಅವನ ಸ್ನೇಹಿತರು ಎಣಿಸತೊಡಗಿದರು. ಐದಾಯಿತು, ಏಳಾಯಿತು, ಒಂಬತ್ತಕ್ಕೆ ಬೆಂಚೆಲ್ಲ ಚಪ್ಪಾಳೆ. ಕಡುಬು ನೋಡಲು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಆದರೆ ಅಕ್ಕಿತರಿ ಬೇಯಿಸಿ ಕಟ್ಟಿ, ಮತ್ತೆ ಹಬೆಯಲ್ಲಿಟ್ಟ ಗಟ್ಟಿ ಉಂಡೆ. ಹೊಟ್ಟೆಗೆ ಹೋದ ಮೇಲೆ ಅದರ ತೂಕ ಗೊತ್ತಾಗುವುದು. ಮರುದಿನ ಬೆಳಿಗ್ಗೆ ಎಲ್ಲರೂ ಅಕ್ಕಿರೊಟ್ಟಿ, ಕಾಯಿಚಟ್ನಿ ತಿನ್ನುವಾಗ ಆ ಹುಡುಗ ಜಗಲಿಯಲ್ಲಿ ಗೋಡೆಗೊರಗಿ ಜೀರಿಗೆ ಕಷಾಯ ಕುಡಿಯುತ್ತಿದ್ದ. ಮನೆಯಮ್ಮ ಪ್ರತಿ ಅರ್ಧ ಗಂಟೆಗೊಮ್ಮೆ ಬಂದು "ಈಗ ಹ್ಯಾಂಗಿದೆ ಮಗಾ?" ಎಂದು ಕೇಳಿ ಹೋಗುತ್ತಿದ್ದರು. ಕೊಟ್ಟ ದುಡ್ಡನ್ನು ತಟ್ಟೆಯಲ್ಲೇ ವಸೂಲಿ ಮಾಡಬೇಕು ಎನ್ನುವ ಹುಮ್ಮಸ್ಸು ಬಂದವರಲ್ಲಿ ತುಂಬ ಜನರಿಗೆ ಇರುತ್ತದೆ. ಮೊದಲ ರಾತ್ರಿ ಮೂರಕ್ಕೆ ನಿಲ್ಲಿಸಿ, ಬೆಳಗಿನ ರೊಟ್ಟಿಗೆ ಜಾಗ ಇರಲಿ.

ಯುರೋಪಿನ ರೆಸಾರ್ಟುಗಳಲ್ಲಿ ಈಜುಕೊಳದ ಪಕ್ಕದ ಕುರ್ಚಿಗೆ ಬೆಳಗಾಗುವ ಮೊದಲೇ ಟವೆಲ್ ಹಾಸಿ ಜಾಗ ಹಿಡಿಯುತ್ತಾರಂತೆ. ಅದು ಮಲೆನಾಡಿಗೂ ಬಂದಿದೆ. ಜಗಲಿಯ ಉಯ್ಯಾಲೆ ಮಣೆ ಇದ್ದದ್ದು ಒಂದೇ. ಆರು ಗಂಟೆಗೆ ಎದ್ದ ಒಬ್ಬ ಹಿರಿಯರು ಅದರ ಮೇಲೆ ಟವೆಲ್ ಹಾಕಿ ಮತ್ತೆ ಮಲಗಲು ಹೋದರು. ಎಂಟಕ್ಕೆ ಬಂದು ನೋಡಿದರೆ ಉಯ್ಯಾಲೆ ತುಂಬ ಮಕ್ಕಳು. ಮನೆಯ ಅಜ್ಜಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ತಂದುಕೊಟ್ಟು, "ಚಂಡಿಯಾಗಿತ್ತು, ಬಚ್ಚಲೊಲೆ ಮೇಲೆ ಹಾಕಿ ಒಣಗಿಸಿದೀನಿ ನೋಡಿ" ಅಂದರು. ಅಜ್ಜಿಗೆ ಜಾಗ ಹಿಡಿಯುವ ವಿದ್ಯೆ ಗೊತ್ತೇ ಇರಲಿಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಕಂಡರೆ ಒಲೆಯ ಮೇಲೆ ಹಾಕುವುದೊಂದೇ ಅವರಿಗೆ ಗೊತ್ತಿದ್ದದ್ದು. ಆ ಹಿರಿಯರೂ ನಕ್ಕು, ಉಳಿದ ದಿನವೆಲ್ಲ ಹಂಡೆ ಒಲೆಯ ಮುಂದೆ ಕೂತು ಕಟ್ಟಿಗೆ ಹಾಕುತ್ತ ಅಜ್ಜಿಯ ಹತ್ತಿರ ಹಳೇ ಕತೆ ಕೇಳಿದರು. ಒಳ್ಳೆಯ ಜಾಗ ಸಿಕ್ಕಿದ್ದು ಅವರಿಗೇ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಜೋಡಿ ಆಗುಂಬೆಯ ಸೂರ್ಯಾಸ್ತ ನೋಡಲೆಂದೇ ಬಂದಿತ್ತು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು ಅದು. ಎರಡು ಸಂಜೆ ಹೋಗಿ ಬಿಳಿ ಮಂಜು ನೋಡಿ ಬಂದವರು ಯಜಮಾನರನ್ನು ಕೇಳಿದರು, "ಪ್ಯಾಕೇಜಿನಲ್ಲಿ ಸನ್‌ಸೆಟ್ ಅಂತ ಬರೆದಿದೀರಲ್ಲ, ನಾಳೆಯಾದ್ರೂ ಗ್ಯಾರಂಟಿ ಇದೆಯಾ?" ಸಮುದ್ರದ ಕಡೆಗೆ ಸೂರ್ಯ ಇಳಿಯುವುದು ಕಾಣಬೇಕಾದರೆ ನವೆಂಬರಿನಿಂದ ಜನವರಿಯೊಳಗೆ ಬನ್ನಿ. ಮಳೆ ಬೇಕಿದ್ದರೆ ಜೂನ್‌ನಿಂದ ಸೆಪ್ಟೆಂಬರ್. ಎರಡೂ ಒಂದೇ ಪ್ರವಾಸದಲ್ಲಿ ಸಿಗುವುದು ಅಪರೂಪ.

ನಮ್ಮ ಭಾವನ ಮಗಳು ತೋಟದಲ್ಲಿ ಅಡಿಕೆ ಗೊನೆಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದ್ದು ನೋಡಿ "ಮರಕ್ಕೆ ರೈನ್‌ಕೋಟಾ ಅಂಕಲ್?" ಎಂದಳು. ಯಜಮಾನರು ಅವಳನ್ನು ಕರೆದುಕೊಂಡು ಹೋಗಿ, ಕೆಳಗೆ ಬಿದ್ದಿದ್ದ ಒಂದು ಎಳೆಗಾಯಿ ಎತ್ತಿ, ತೊಟ್ಟಿನ ಹತ್ತಿರ ಬೂಸ್ಟು ಹಿಡಿದಿದ್ದನ್ನು ತೋರಿಸಿದರು. ಕೊಳೆರೋಗ. ಮಳೆ ಜಾಸ್ತಿಯಾದರೆ ಗೊನೆಗೊನೆಯೇ ಉದುರುತ್ತದೆ. ಅದಕ್ಕೇ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸುವುದು, ಇಲ್ಲವೇ ಹೀಗೆ ಕೊಟ್ಟೆ ಕಟ್ಟುವುದು. ಮರ ಹತ್ತುವ ಕೊನೆಗಾರರು ಈಗ ಸಿಗುವುದು ಎಷ್ಟು ಕಷ್ಟ ಎಂದೂ ಹೇಳಿದರು. ಹೋಂಸ್ಟೇ ಯಾಕೆ ಶುರುಮಾಡಿದಿರಿ ಎಂದು ಬೇರೆ ಕೇಳಬೇಕಾಗಲಿಲ್ಲ. ಅತಿಥಿಗಳು ನಡೆದಾಡುವುದು ಬದುಕು ಸಾಗಿಸುವ ತೋಟದಲ್ಲಿ. ಎಳೆ ಅಡಿಕೆ ಕೀಳುವುದು, ಕಾಳುಮೆಣಸಿನ ಬಳ್ಳಿ ಜಗ್ಗಿ ಫೋಟೋ ತೆಗೆಸಿಕೊಳ್ಳುವುದು ದಯವಿಟ್ಟು ಬೇಡ. ಸ್ಪೀಕರ್ ಹಾಡನ್ನೂ ಊರಲ್ಲೇ ಬಿಟ್ಟು ಬನ್ನಿ, ಕಣಿವೆಯಲ್ಲಿ ಸದ್ದು ಎರಡು ತೋಟ ದಾಟಿ ಕೇಳುತ್ತದೆ.

ಈಗ ಮಧ್ಯಾಹ್ನದ ಊಟದ ವಿಷಯ. ದುಡ್ಡು ಕೊಟ್ಟಾಗಿದೆ ಎಂದು ಒಂದು ಗಂಟೆಗೆ ಸರಿಯಾಗಿ ವಾಪಸು ಬರಲು ಹೊರಟರೆ ನೋಡುವ ಊರೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಕವಲೇದುರ್ಗದ ಕೋಟೆ ಅವಸರದಲ್ಲಿ ಹತ್ತುವ ಜಾಗವಲ್ಲ. ಕೆಳದಿ ಅರಸರು ಕಟ್ಟಿದ ಸುತ್ತುಸುತ್ತಿನ ಗೋಡೆ, ಬಾಗಿಲು, ಅರಮನೆಯ ಅಡಿಪಾಯ, ಕೊಳ ನೋಡಿ ಮೇಲೆ ಕೂತು ಸುಧಾರಿಸಿಕೊಳ್ಳಲು ಅರ್ಧ ದಿನ ಬೇಕು, ಮಳೆಯಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಇನ್ನೂ ನಿಧಾನ. ಕುಪ್ಪಳಿಯೂ ಹಾಗೆಯೇ. ಕವಿಮನೆ ನೋಡಿ ಹಿಂದಿನ ಗುಡ್ಡ ಹತ್ತಿ ಕುವೆಂಪು ಅವರ ಸಮಾಧಿ ಇರುವ ಕವಿಶೈಲಕ್ಕೆ ಹೋದವರು ಗಡಿಯಾರ ನೋಡಬಾರದು. ನಮ್ಮೊಂದಿಗಿದ್ದ ಒಂದು ಸಂಸಾರ ಕವಲೇದುರ್ಗದ ಮೊದಲ ಬಾಗಿಲಿನಿಂದಲೇ ಊಟಕ್ಕೆ ಹಿಂತಿರುಗಿತು. ತಲೆಗೆ ಇಷ್ಟು ಎಂದು ಕೊಟ್ಟ ಊಟ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಸುತ್ತಾಡುವ ದಿನ ಮಧ್ಯಾಹ್ನದ ಊಟ ಬೇಡ ಎಂದು ಹಿಂದಿನ ರಾತ್ರಿಯೇ ಹೇಳಿ ದರ ಕಡಿಮೆ ಮಾಡಿಸಿಕೊಳ್ಳಿ. ಇಲ್ಲವೇ ಬುತ್ತಿ ಕೇಳಿ. ನಮಗೆ ಬಾಳೆಲೆಯಲ್ಲಿ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟರು. ತಿಂದ ಎಲೆಯನ್ನು ಕೋಟೆಯಲ್ಲಿ ಬಿಸಾಡದೆ ವಾಪಸು ತಂದೆವು.

ಜೋಗವನ್ನು ಇದೇ ಪ್ಯಾಕೇಜಿನೊಳಗೆ ತುರುಕಬೇಡಿ. ಆಗುಂಬೆಯಿಂದ ಜೋಗಕ್ಕೆ ನೂರು ಕಿ.ಮೀ. ಮೇಲಾಗುತ್ತದೆ, ಎಲ್ಲ ತಿರುವಿನ ರಸ್ತೆ. ಶರಾವತಿ 253 ಮೀಟರ್ ಧುಮುಕುವುದನ್ನು ನೋಡಲು ಸಾಗರದಲ್ಲಿ ಬೇರೆಯಾಗಿ ಒಂದು ರಾತ್ರಿ ಉಳಿಯಿರಿ, ಇಕ್ಕೇರಿ, ಕೆಳದಿ ದೇವಸ್ಥಾನಗಳೂ ಆಗುತ್ತವೆ. ಸಿಗಂದೂರು ದೇವಸ್ಥಾನಕ್ಕೂ ಹೋಗುವುದಾದರೆ, 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸವೂ ಉಳಿದಿಲ್ಲ.

ದರದಲ್ಲಿ ಸೇರದೇ ಇರುವುದನ್ನು ಮೊದಲೇ ಕೇಳಿ. ಜೀಪ್ ಸವಾರಿ, ರಾತ್ರಿ ಬೆಂಕಿ ಹಾಕುವುದು, ಡ್ರೈವರ್ ಊಟ-ವಸತಿ, ಮೀನು ಸಾಮಾನ್ಯವಾಗಿ ಬೇರೆ ಲೆಕ್ಕ. ಒಂದು ಕಡೆ ನಮಗೆ ಚೆಕ್ಔಟ್ ದಿನ ಡ್ರೈವರ್ ಊಟದ್ದೆಂದು ಹೇಳದೆ ಕೇಳದೆ ಬಿಲ್ಲಿಗೆ ಸೇರಿಸಿದ್ದರು, ಫೋನಿನಲ್ಲಿ ಸೇರಿದೆ ಎಂದಿದ್ದವರೇ. ಅಂದಿನಿಂದ ಮಾತಾಡಿದ ಮೇಲೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳುತ್ತೇನೆ. ಮಾಂಸದ ಅಡಿಗೆ ಮಾಡದ ಮನೆಗಳೂ ಇವೆ. ಅಲ್ಲಿಗೆ ಹೋಗಿ ಕೋಳಿ ಕೇಳಿದರೆ ಇಬ್ಬರಿಗೂ ಮುಜುಗರ. ಗೋಬಿ ಮಂಚೂರಿ ಕೇಳುವ ಮಕ್ಕಳಿದ್ದರೆ ತೀರ್ಥಹಳ್ಳಿ ಪೇಟೆಯಲ್ಲೇ ತಿನ್ನಿಸಿ ಕರೆತನ್ನಿ, ಇಲ್ಲಿ ಕೆಸುವಿನ ಪತ್ರೊಡೆ, ಕಳಲೆ ಪಲ್ಯ ಸಿಗುವ ಕಾಲಕ್ಕೆ ಅದನ್ನು ಬಿಟ್ಟು ಬೇರೆ ಕೇಳುವುದು ನಷ್ಟ.

ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಇದ್ದೇ ಇರುತ್ತದೆ. ಕಿರುಚಬೇಕಾಗಿಲ್ಲ, ಉಪ್ಪೋ ಸುಣ್ಣವೋ ತಾಗಿಸಿದರೆ ಬಿದ್ದುಹೋಗುತ್ತದೆ. ಹೆದರಬೇಕಾದದ್ದು ಡಿಸೆಂಬರಿನಿಂದ ಮೇ ತಿಂಗಳವರೆಗಿನ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಆ ದಿನಗಳಲ್ಲಿ ಹೋಗುವವರು ಕಾಡಿನೊಳಗೆ ಸುಮ್ಮನೆ ನುಗ್ಗಬೇಡಿ, ಮೈತುಂಬ ಬಟ್ಟೆ ಇರಲಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ತಿಳಿಸಿ. ಮರಳಿ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮಲೆನಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಮೂರು ಹೊತ್ತಿನ ಪ್ಯಾಕೇಜೇ ಸರಿ. ನಮ್ಮತ್ತೆ ಮೊಣಕಾಲು ನೋವಿನಿಂದ ಎಲ್ಲಿಗೂ ಬರಲಿಲ್ಲ. ಅಡಿಗೆಮನೆಯಲ್ಲಿ ಕೂತು ಒಂದೆಲಗದ ತಂಬುಳಿ ಕಲಿತರು, ತಮ್ಮ ಕಡೆಯ ಶೇಂಗಾ ಚಟ್ನಿ ಹೇಳಿಕೊಟ್ಟರು. ಅವರ ಪಾಲಿನ ದುಡ್ಡು ಪೂರ್ತಿ ಸಂದಿತು. ದಿನಕ್ಕೊಂದು ಬೆಟ್ಟ ಹತ್ತುವ ಹುಡುಗರಿಗೆ ತಿಂಡಿ ಮತ್ತು ರಾತ್ರಿ ಊಟ ಸಾಕು.

ಬುಕ್ ಮಾಡುವಾಗ ಎಷ್ಟು ಜನ, ಯಾವ ಹೊತ್ತಿಗೆ ಬರುತ್ತೀರಿ ಎಂದು ಸರಿಯಾಗಿ ಹೇಳಿ, ಬದಲಾದರೆ ಹಿಂದಿನ ದಿನ ಸಂಜೆಯೊಳಗೆ ಫೋನ್ ಮಾಡಿ. ಕಡುಬಿಗೆ ಅಕ್ಕಿ ತೊಳೆದು ಆರಲು ಹಾಕುವುದು ಆವಾಗಲೇ. ಅನೇಕ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದು, ಲ್ಯಾಂಡ್‌ಲೈನ್ ನಂಬರು ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕೊನೆಯ ಐದಾರು ಕಿ.ಮೀ. ದಾರಿಯನ್ನು ತೀರ್ಥಹಳ್ಳಿಯಲ್ಲೇ ಫೋನಿಗೆ ಇಳಿಸಿಕೊಂಡು, ಕೈಯಲ್ಲಿ ನಗದು ಇಟ್ಟುಕೊಂಡು ಹೊರಡಿ.