‘ಓಕೆ’ಯ ಕಥೆಗಳೂ ಇಸವಿಯ ಲೆಕ್ಕವೂ

ವಾರಪತ್ರಿಕೆಯೊಂದರ ಭಾಷಾ ಅಂಕಣಕ್ಕೆ ಬರುವ ಬರಹಗಳನ್ನು ಪರಿಶೀಲಿಸುವುದು ಉಪಸಂಪಾದಕನಾಗಿ ನನ್ನ ಪಾಲಿನ ಕೆಲಸ. ಅಮೆರಿಕದ ಆಡುಮಾತಿನಿಂದ ಜಗತ್ತಿಗೆಲ್ಲ ಹಬ್ಬಿದ ‘ಓಕೆ’ಯಷ್ಟು ಕಥೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುವ ಪದ ಇನ್ನೊಂದಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಯಾರೂ ಸಾಯದ ದಿನ ಬರೆಯುತ್ತಿದ್ದ ‘ಝೀರೋ ಕಿಲ್ಡ್’ನಿಂದ ಅದು ಹುಟ್ಟಿತೆಂದು ಒಬ್ಬರು ಬರೆದರೆ, ಆ ಸೈನಿಕರಿಗೆ ಹಂಚಿದ ಬಿಸ್ಕತ್ತಿನ ತಯಾರಕನ ಹೆಸರಿನ ಮೊದಲಕ್ಷರಗಳೆಂದು ಮತ್ತೊಬ್ಬರು, ತಂತಿ ನೌಕರರ ಸಂಕೇತವೆಂದು ಮಗದೊಬ್ಬರು ಬರೆಯುತ್ತಾರೆ.

ಕಥೆ ಎಷ್ಟು ಸೊಗಸಾಗಿದ್ದರೂ ಅದನ್ನು ಬದಿಗಿಟ್ಟು, ಪದವು ಅಚ್ಚಿನಲ್ಲಿ ಮೊದಲು ಕಂಡದ್ದು ಯಾವಾಗ ಎಂದು ನೋಡುವುದನ್ನು ಈ ಕೆಲಸ ನನಗೆ ಕಲಿಸಿತು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ‘ಓ.ಕೆ.’ ಎಂಬ ಅಕ್ಷರಗಳು, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂಬ ಅರ್ಥದೊಂದಿಗೆ ಅಚ್ಚಾಗಿವೆ. ಅಂತರ್ಯುದ್ಧ ಆರಂಭವಾದದ್ದು 1861ರಲ್ಲಿ. ವಾಷಿಂಗ್ಟನ್ನಿನಿಂದ ಬಾಲ್ಟಿಮೋರ್‌ಗೆ ಮೋರ್ಸ್ ತಂತಿ ಸಂದೇಶ ಕಳುಹಿಸಿದ್ದು 1844ರಲ್ಲಿ. ಇಷ್ಟಕ್ಕೇ ಮೂರು ಕಥೆಗಳೂ ಬಿದ್ದುಹೋಗುತ್ತವೆ. (ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆಯನ್ನು, ಅವನಿಗಿಂತ ಹಳೆಯದಾದ ಬೇಗೂರಿನ ಶಾಸನದಲ್ಲಿರುವ ‘ಬೆಂಗಳೂರು’ ಎಂಬ ಹೆಸರು ಕೆಡವುವುದೂ ಹೀಗೆಯೇ.)

ಮೊದಲಕ್ಷರಗಳನ್ನು ಕೂಡಿಸಿ ಹೇಳುವ ಪದಮೂಲಗಳನ್ನು ನಾವು ಸಾಮಾನ್ಯವಾಗಿ ಅನುಮಾನದಿಂದಲೇ ಓದುತ್ತೇವೆ, ಏಕೆಂದರೆ ಅಂಥವುಗಳಲ್ಲಿ ಹೆಚ್ಚಿನವು ಪದ ಬಳಕೆಗೆ ಬಂದ ಎಷ್ಟೋ ಕಾಲದ ನಂತರ ಕಟ್ಟಿದವು. ಆದರೆ ‘ಓಕೆ’ ನಿಜವಾಗಿಯೂ ಮೊದಲಕ್ಷರಗಳಿಂದಲೇ ಹುಟ್ಟಿದೆ. 1838–39ರಲ್ಲಿ ಬಾಸ್ಟನ್ನಿನ ಪತ್ರಕರ್ತರಿಗೆ ಬೇಕೆಂದೇ ಕಾಗುಣಿತ ಕೆಡಿಸಿ, ಅದರ ಮೊದಲಕ್ಷರಗಳನ್ನು ಬಳಸುವ ಗೀಳು ಹಿಡಿದಿತ್ತು. ‘ಆಲ್ ರೈಟ್’ ಎನ್ನುವುದು ‘oll wright’ ಎಂದು ಕೆಟ್ಟು ‘ಓ.ಡಬ್ಲ್ಯೂ.’ ಆದಂತೆ ‘ಆಲ್ ಕರೆಕ್ಟ್’ ಎನ್ನುವುದು ‘oll korrect’ ಎಂದು ಕೆಟ್ಟು ‘ಓ.ಕೆ.’ ಆಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಹಳೆಯ ಪತ್ರಿಕೆಗಳನ್ನು ಜಾಲಾಡಿ, 1963–64ರಲ್ಲಿ ‘ಅಮೆರಿಕನ್ ಸ್ಪೀಚ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಇದನ್ನೆಲ್ಲ ಸಾಕ್ಷ್ಯಸಮೇತ ತೋರಿಸಿದರು.

ಓರಗೆಯ ಹಾಸ್ಯಪದಗಳೆಲ್ಲ ಮಾಯವಾದರೂ ಇದೊಂದೇ ಉಳಿಯಲು ಕಾರಣವಾದದ್ದು 1840ರ ಅಧ್ಯಕ್ಷೀಯ ಚುನಾವಣೆ. ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಊರಿನವನಾದ ಮಾರ್ಟಿನ್ ವ್ಯಾನ್ ಬ್ಯೂರನ್‌ನನ್ನು ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು, ‘ಓ.ಕೆ. ಕ್ಲಬ್’ಗಳನ್ನು ಕಟ್ಟಿದರು. ವಿರೋಧಿಗಳಾದರೋ, ಹಿಂದಿನ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್‌ಗೆ ಕಾಗುಣಿತ ಬಾರದೆಂದೂ ಕಡತಗಳ ಮೇಲೆ ಹೀಗೆ ಬರೆಯುತ್ತಿದ್ದುದು ಅವನೇ ಎಂದೂ ಹಬ್ಬಿಸಿದರು. ಚುನಾವಣೆಯಲ್ಲಿ ವ್ಯಾನ್ ಬ್ಯೂರನ್ ಸೋತ, ಪದ ಗೆದ್ದಿತು. ಎದುರಾಳಿಗಳ ಆ ಕುಚೋದ್ಯವನ್ನೇ ಇಂದಿಗೂ ಪದಮೂಲವೆಂದು ಬರೆದು ಕಳುಹಿಸುವವರಿದ್ದಾರೆ.

ಚಾಕ್ಟಾ ಮೂಲನಿವಾಸಿಗಳ ಭಾಷೆಯಿಂದ ಈ ಪದ ಬಂದಿತೆಂಬ ವಾದವನ್ನು ಮಾತ್ರ ಇಸವಿಯೊಂದರಿಂದಲೇ ತಳ್ಳಿಹಾಕಲಾಗದು, ಏಕೆಂದರೆ ಆ ಭಾಷೆ 1839ಕ್ಕಿಂತ ಬಹಳ ಹಳೆಯದು. ಅಧ್ಯಕ್ಷ ವುಡ್ರೋ ವಿಲ್ಸನ್ ಆ ವಾದವನ್ನು ನಂಬಿ, ಕಡತಗಳ ಮೇಲೆ ‘ಓಕೆ’ಯನ್ನು ಅದಕ್ಕೆ ಹೊಂದುವ ಕಾಗುಣಿತದಲ್ಲೇ ಬರೆಯುತ್ತಿದ್ದ. ಆದರೂ ಬಾಸ್ಟನ್ನಿನ ಪತ್ರಿಕೆಯಿಂದ ಚುನಾವಣೆಯವರೆಗೆ ರೀಡ್ ಜೋಡಿಸಿಟ್ಟ ಅಚ್ಚಿನ ಸಾಕ್ಷ್ಯಗಳ ಸರಣಿಗೆ ಸಮನಾದದ್ದು ಆ ವಾದದ ಪರವಾಗಿ ಇಲ್ಲ. ಹೀಗಾಗಿ ನಮ್ಮ ಅಂಕಣದಲ್ಲಿ ಅದಕ್ಕೆ ‘ಎಂಬ ವಾದವೂ ಇದೆ’ ಎಂದು ಮುಗಿಯುವ ಒಂದು ವಾಕ್ಯವನ್ನಷ್ಟೇ ಕೊಡುತ್ತೇನೆ. ಅಂತರ್ಯುದ್ಧದ ಕಥೆಗೆ ಅದನ್ನೂ ಕೊಡುವುದಿಲ್ಲ.