ವರ್ಷಕ್ಕೊಂದು ಪಟ್ಟಿ

ಲಡಾಖ್‌ನ ತ್ಸೋ ಮೊರಿರಿ ಸರೋವರ ಚೆನ್ನಾಗಿದೆ. ಫೋಟೋದಲ್ಲಿ ಕಾಣುವಷ್ಟೇ ನೀಲಿ. ಅದರ ಬಗ್ಗೆ ಇಷ್ಟು ಸಾಕು. ಸರೋವರ ನೋಡಲೆಂದೇ ಅಷ್ಟು ದೂರ ಹೋದವನ ತಲೆಯಲ್ಲಿ ಕೊನೆಗೆ ಉಳಿದದ್ದು ಅದರ ದಾರಿಯಲ್ಲಿ, ಒಂದು ಗುಡ್ಡದ ಬುಡದಲ್ಲಿ ಹಾಕಿದ್ದ ಕರಿ ಡೇರೆ.

ಲೇಹ್‌ನಿಂದ ಹೊರಟರೆ ಉಪ್ಶಿ, ಚುಮಾಥಾಂಗ್ ದಾಟಿ ಮಾಹೆ ಸೇತುವೆವರೆಗೂ ಸಿಂಧೂ ನದಿ ಪಕ್ಕದಲ್ಲೇ ಬರುತ್ತದೆ. ಆಮೇಲೆ ಮರ ಅನ್ನೋದೇ ಇಲ್ಲ. ಇದು ಚಾಂಗ್‌ಥಾಂಗ್, ಟಿಬೆಟ್ ಪ್ರಸ್ಥಭೂಮಿ ಲಡಾಖ್‌ನೊಳಗೆ ಚಾಚಿಕೊಂಡ ತುದಿ. ಸರೋವರದ ದಡದ ಕೊರ್ಜೋಕ್ ಹಳ್ಳಿ 4,500 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಪಶ್ಮಿನಾ ಮೇಕೆ, ಕುರಿ, ಯಾಕ್ ಮೇಯಿಸಿಕೊಂಡು ಹುಲ್ಲಿದ್ದ ಕಡೆ ಸಾಗುವವರು ಚಾಂಗ್‌ಪಾ ಜನ. ಮರವಿಲ್ಲದ ಊರಲ್ಲಿ ಮನೆ ಕಟ್ಟೋದು ಯಾವುದರಿಂದ? ಕೂದಲಿಂದ. ಯಾಕ್‌ನ ಒರಟು ಹೊರಗೂದಲನ್ನು ನೂತು, ನೇಯ್ದು, ಹೊಲಿದ ಡೇರೆಗೆ ರೇಬೋ ಅಂತಾರೆ.

ಕಟ್ಟಡದ ನಕ್ಷೆ ಬರೆಯೋದು ನನ್ನ ಹೊಟ್ಟೆಪಾಡು. ಇಂಥ ಡೇರೆಗಳ ಬಗ್ಗೆ ಕಾಲೇಜಲ್ಲೇ ಓದಿದ್ದೆ. ಆದರೆ ಓದಿದ್ದು ಅರ್ಥವಾಗೋಕೆ ಮೊದಲು ಒಂದು ಕೆಟ್ಟ ಡೇರೆಯಲ್ಲಿ ಮಲಗಬೇಕಾಯಿತು.

ಆನ್‌ಲೈನ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿ ಕಾದಿರಿಸಿದ್ದ 'ಪರಿಸರಸ್ನೇಹಿ' ಕ್ಯಾಂಪ್ ಅದು. ಬಿಳಿ ಬಟ್ಟೆ, ಒಳಗೆ ಹೊಳೆಯುವ ಸಿಂಥೆಟಿಕ್ ಅಸ್ತರಿ, ನೆಲಕ್ಕೆ ಕಾಂಕ್ರೀಟ್, ಅದರ ಮೇಲೆ ಕಾರ್ಪೆಟ್. ಹೊರಗೆ ಡೀಸೆಲ್ ಜನರೇಟರ್. ಮಧ್ಯಾಹ್ನ ಒಳಗೆ ಕೂರೋಕೆ ಆಗದಷ್ಟು ಸೆಕೆ, ರಾತ್ರಿ ಹಲ್ಲು ಕಡಿಯುವ ಚಳಿ. ಬೆಳಗಿನ ಜಾವ ನಮ್ಮ ಉಸಿರಿನ ತೇವವೇ ಅಸ್ತರಿಗೆ ಅಂಟಿ, ಹೆಪ್ಪುಗಟ್ಟಿ, ಬಿಸಿಲು ಬಿದ್ದ ಮೇಲೆ ತೊಟತೊಟ ಅಂತ ಹಾಸಿಗೆಗೆ ಬಿತ್ತು. ಬೇರೆ ಡೇರೆ ಕೇಳಿದರೆ ಎಲ್ಲಾ ಹೀಗೇ ಅಂದರು. ದುಡ್ಡು ವಾಪಸ್ ಕೇಳಿದರೆ ನಕ್ಕರು. ಹೋಗುವವರಿಗೆ ಒಂದು ಮಾತು: ಮುಂಗಡ ಪೂರ್ತಿ ಕೊಡಬೇಡಿ. ಕೊರ್ಜೋಕ್‌ನಲ್ಲಿ ಮಣ್ಣಿನ ಗೋಡೆಯ ಹೋಮ್‌ಸ್ಟೇಗಳಿವೆ, ಅಲ್ಲೇ ಉಳಿಯಿರಿ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಸುಮ್ನೆ ಮಲಗಿ ಎತ್ತರಕ್ಕೆ ಹೊಂದಿಕೊಂಡ ಮೇಲೆ ಮಾತ್ರ ಹೊರಡಿ. ನಗದು ಅಲ್ಲೇ ತೆಗೆದುಕೊಳ್ಳಿ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ.

ವಾಪಸ್ ಬರುವಾಗ ಡ್ರೈವರ್ ತನಗೆ ಪರಿಚಯದ ಮನೆಯವರ ರೇಬೋ ಹತ್ತಿರ ಗಾಡಿ ನಿಲ್ಲಿಸಿದ. "ಜುಲೇ ಮೇಮೆ-ಲೇ" ಅಂತ ಕೂಗಿದ, ಅಂದರೆ ನಮಸ್ಕಾರ ಅಜ್ಜಾ. ಅಜ್ಜ ಹೊರಗೆ ಬಂದರು. ರಸ್ತೆ ಕೆಲಸದಲ್ಲಿ ಕಲಿತ ಒಂದಿಷ್ಟು ಹಿಂದಿ ಅವರಿಗೆ ಬರುತ್ತಿತ್ತು. ಉಳಿದದ್ದನ್ನು ಡ್ರೈವರ್ ಹೇಳಿದ.

ಬಗ್ಗಿ ಒಳಗೆ ಹೋಗಬೇಕು. ಹೋದ ಕೂಡಲೇ ಒಂದು ಹೆಜ್ಜೆ ಕೆಳಗಿಳಿಯಬೇಕು, ಯಾಕಂದ್ರೆ ಡೇರೆ ನಿಂತಿರೋದು ಎರಡಡಿ ಆಳದ ಗುಂಡಿಯ ಮೇಲೆ. ಸುತ್ತ ಗಿಡ್ಡ ಕಲ್ಲಿನ ಸಾಲು, ಅದಕ್ಕೆ ಒರಗಿಸಿದ ಚೀಲಗಳು. ಹೊರಗೆ ಟೋಪಿ ಹಾರಿಸುವ ಗಾಳಿ, ಒಳಗೆ ಕೂತವರ ತಲೆಕೂದಲೂ ಅಲುಗಲ್ಲ. ನಡುವೆ ಒಲೆ, ಮೇಲೆ ಹೊಗೆ ಹೋಗಲು ಉದ್ದಕ್ಕೆ ಬಿಟ್ಟ ಸಂದು. ಡೇರೆ ಎರಡು ಹೋಳು. ಅವೆರಡರ ನಡುವಿನ ಜಾಗವೇ ಆ ಸಂದು. ಒಳಗೆ ಕಂಬ ಕಡಿಮೆ. ಹೊರಗೆ ನೆಟ್ಟ ಕೋಲುಗಳ ಮೇಲೆ ಹಾದು ಹೋಗುವ ಹಗ್ಗಗಳು ಬಟ್ಟೆಯನ್ನು ಎಲ್ಲಾ ಕಡೆಗೂ ಎಳೆದು ಹಿಡಿದಿವೆ. ಗಾಳಿ ಬೀಸಿದರೆ ಇಡೀ ಡೇರೆ ಸ್ವಲ್ಪ ಬಾಗಿ ಮತ್ತೆ ಸರಿಯಾಗುತ್ತದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಬಟ್ಟೆ. ಹೊರಗಿನಿಂದ ಕಪ್ಪಗೆ ದಪ್ಪಗೆ ಕಾಣುವುದು ಒಳಗಿನಿಂದ ಜಾಲರಿ! ಹಾಸು ಹೊಕ್ಕಿನ ನಡುವೆ ಸಾವಿರಾರು ತೂತು, ಒಂದೊಂದರಲ್ಲೂ ಬಿಸಿಲಿನ ಚುಕ್ಕಿ. ಮಳೆ ಬಂದರೆ? ಕೂದಲಿನಲ್ಲಿ ಜಿಡ್ಡಿದೆ, ಅದರ ಮೇಲೆ ವರ್ಷಗಟ್ಟಲೆ ಹೊಗೆ ಕೂತಿದೆ. ನೆನೆದಾಗ ಎಳೆ ಉಬ್ಬಿಕೊಂಡು ತೂತು ಮುಚ್ಚುತ್ತದೆ, ಒಣಗಿದರೆ ತೆರೆದುಕೊಳ್ಳುತ್ತದೆ. ಕುರುಬರ ಕಂಬಳಿ ಕೊಪ್ಪೆ ಹೊದ್ದು ಮಳೆಯಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಸಿರಿನ ತೇವ ಅದೇ ತೂತುಗಳಲ್ಲಿ ಹೊರಗೆ ಹೋಗುತ್ತದೆ. ಹಾಸಿಗೆ ಮೇಲೆ ತೊಟ್ಟಿಕ್ಕುವ ಮಾತೇ ಇಲ್ಲ.

ಉಪ್ಪು ಬೆಣ್ಣೆಯ ಚಹಾ ಬಂತು. ಅದು ನನಗೆ ಸೇರಲಿಲ್ಲ, ಆದರೂ ಬಟ್ಟಲು ಖಾಲಿಯಾದಾಗೆಲ್ಲ ತುಂಬುತ್ತಲೇ ಇತ್ತು. ಈ ಡೇರೆಗೆ ಎಷ್ಟು ವರ್ಷ ಅಂತ ಕೇಳಿದೆ. ಅಜ್ಜ ಡ್ರೈವರ್ ಕಡೆ ನೋಡಿ ಏನೋ ಅಂದರು.

"ಯಾವ ಭಾಗಕ್ಕೆ ಅಂತ ಕೇಳ್ತಿದ್ದಾರೆ."

ಹೊಗೆ ಸಂದಿನ ಪಕ್ಕದ ಪಟ್ಟಿ ಕಳೆದ ಬೇಸಿಗೆಯದ್ದು. ಅದರ ಕೆಳಗಿನದು ಅದರ ಹಿಂದಿನ ವರ್ಷದ್ದು. ಅಂಚಿನಲ್ಲಿ, ನೆಲಕ್ಕೆ ತಾಗುವ ಕಡೆ ಇರುವುದು ಅವರಪ್ಪ ನೇಯ್ದದ್ದು, ಅದನ್ನು ಇನ್ನೇನು ಕಳಚಬೇಕು. ಬಟ್ಟೆ ಅಂದರೆ ಅಗಲ ಕಿರಿದಾದ ಉದ್ದುದ್ದ ಪಟ್ಟಿಗಳು, ಪಕ್ಕಪಕ್ಕ ಇಟ್ಟು ಹೊಲಿದದ್ದು. ಹೊಸದನ್ನು ಮೇಲೆ ಸೇರಿಸುತ್ತಾರೆ, ಹಳೆಯದು ಕೆಳಕ್ಕೆ ಸರಿಯುತ್ತದೆ, ತೀರಾ ಸವೆದದ್ದು ಅಂಚಿನಿಂದ ಕಳಚಿಕೊಳ್ಳುತ್ತದೆ. ಕಳಚಿದ್ದು ಚೀಲವಾಗುತ್ತದೆ, ಯಾಕ್ ಬೆನ್ನ ಮೇಲಿನ ಹಾಸು ಆಗುತ್ತದೆ. ಇಲ್ಲಿ ಯಾಕ್ ಕೂದಲು ನೇಯೋದು ಗಂಡಸರ ಕೆಲಸ. ಹೆಂಗಸರು ಸೊಂಟಕ್ಕೆ ಕಟ್ಟುವ ಮಗ್ಗದಲ್ಲಿ ಉಣ್ಣೆ ನೇಯುತ್ತಾರೆ.

ಪಕ್ಕದಲ್ಲಿ ಒಂದು ಬಿಳಿ ಕ್ಯಾನ್ವಾಸ್ ಡೇರೆಯೂ ಇತ್ತು. ಅದೂ ಇವರದ್ದೇ. ಈಗ ಸುಮಾರು ಜನರದ್ದು ಅದೇ ಅಂತೆ. ಹಗುರ, ಒಬ್ಬರೇ ಹಾಕಬಹುದು. ಯಾವುದು ವಾಸಿ ಅಂದೆ.

"ಅದು ಹರಿದರೆ ಲೇಹ್‌ಗೆ ಹೋಗಬೇಕು. ಇದು ಹರಿದರೆ ಯಾಕ್ ಹತ್ತಿರ ಹೋದರೆ ಸಾಕು. ಆದರೆ ಭಾರ ಜಾಸ್ತಿ. ನನ್ನ ಸೊಂಟಕ್ಕೆ ಬಿಳಿಯದೇ ವಾಸಿ."

ನಾನು ಕಟ್ಟಡದವನು ಅಂತ ಡ್ರೈವರ್ ಹೇಳಿದ್ದೇ ತಡ, ಮಾತು ಪೂರ್ತಿ ಅಜ್ಜನ ಕೈಗೆ ಹೋಯಿತು. ಮಗ ಲೇಹ್ ಪಕ್ಕದ ಚೋಗ್ಲಮ್ಸರ್‌ನಲ್ಲಿ ಸಿಮೆಂಟ್ ಬ್ಲಾಕಿನ ಎರಡು ಕೋಣೆ ಕಟ್ಟುತ್ತಿದ್ದಾನೆ, ಚಳಿಗಾಲದಲ್ಲಿ ಅದು ಐಸ್ ಪೆಟ್ಟಿಗೆ, ಏನು ಮಾಡಬೇಕು? ನಾನು ರೇಬೋ ಬಗ್ಗೆ ಕೇಳಿದಾಗೆಲ್ಲ ಅವರು ಬ್ಲಾಕ್ ಗೋಡೆಗೆ ವಾಪಸ್ ಬರುತ್ತಿದ್ದರು. ಕಿಟಕಿ ದಕ್ಷಿಣಕ್ಕೆ ದೊಡ್ಡದಾಗಿ ಇಡಿ, ಉತ್ತರಕ್ಕೆ ಬೇಡವೇ ಬೇಡ ಅಂದೆ. ಗೋಡೆಗೆ ಮಣ್ಣು ಬಳಸಿ, ಲೇಹ್ ಹತ್ತಿರದ ಫೇ ಹಳ್ಳಿಯ ಸೆಕ್ಮೋಲ್ ಶಾಲೆ ಮಣ್ಣು ಮತ್ತು ಬಿಸಿಲಿನಿಂದಲೇ ಬೆಚ್ಚಗಿದೆ, ಮಗನಿಗೆ ತೋರಿಸಿ ಅಂದೆ.

"ಮಗನಿಗೆ ಗೊತ್ತು. ಮಣ್ಣಿನ ಮನೆ ಅಂದ್ರೆ ಸೊಸೆ ಒಪ್ಪಲ್ಲ."

ಅಲ್ಲಿಗೆ ನನ್ನ ಸಲಹೆ ಮುಗಿಯಿತು. ಅದಕ್ಕೆ ಉತ್ತರ ನನ್ನ ಬಳಿ ಇಲ್ಲ, ಬೆಂಗಳೂರಿನ ನನ್ನ ಗ್ರಾಹಕರೂ ಒಪ್ಪಲ್ಲ.

ದಾರಿಯುದ್ದಕ್ಕೂ ಇದೇ ಯೋಚನೆ. ಮೊರಾಕೊ ಕಡೆಯಿಂದ ಟಿಬೆಟ್‌ವರೆಗೂ ಕರಿ ಡೇರೆ ಇದೆ, ಪಶ್ಚಿಮಕ್ಕೆ ಮೇಕೆ ಕೂದಲು, ಇಲ್ಲಿ ಯಾಕ್. ನಮ್ಮ ವೃತ್ತಿಯವರು ಅದನ್ನು ನೋಡಿ ಕಲಿಯಲಿಲ್ಲ ಅಂತಲ್ಲ. ಢಾಕಾದಲ್ಲಿ ಓದಿದ ಇಂಜಿನಿಯರ್ ಫಜ್ಲುರ್ ಖಾನ್ ಜೆಡ್ಡಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್‌ಗೆ ಡೇರೆಯ ರೂಪ ಕೊಟ್ಟರು. ಗೋಡೆಯಿಲ್ಲದ ನೆರಳು, ತುದಿಯಲ್ಲಿ ಬಿಸಿಗಾಳಿ ಹೋಗಲು ಬಾಯಿ, 210 ಡೇರೆಗಳು. 1981ರಲ್ಲಿ ತೆರೆಯಿತು, ಇವತ್ತಿಗೂ ಚೆಂದ. ಮ್ಯೂನಿಕ್‌ನ 1972ರ ಒಲಿಂಪಿಕ್ ಚಾವಣಿಯ ಹಿಂದೆ ಡೇರೆಯನ್ನೇ ಧ್ಯಾನಿಸಿದ ಜರ್ಮನ್ ವಾಸ್ತುಶಿಲ್ಪಿ ಫ್ರೈ ಓಟ್ಟೋ ಇದ್ದರು. 2021ರಲ್ಲಿ ಲಡಾಖ್‌ನ ಇಂಜಿನಿಯರ್ ಸೋನಮ್ ವಾಂಗ್ಚುಕ್ ಸೈನಿಕರಿಗೆ ಬಿಸಿಲಿನಿಂದ ಬೆಚ್ಚಗಾಗುವ ಡೇರೆ ಮಾಡಿದರು. ಮೂರರಲ್ಲಿ ನನಗೆ ಇದೇ ಹೆಚ್ಚು ಇಷ್ಟ.

ಆದರೂ ನಾವು ಕದ್ದದ್ದು ಜಾಸ್ತಿ ಆಕಾರವನ್ನೇ. ಹಜ್ ಟರ್ಮಿನಲ್‌ನ ಬಟ್ಟೆ ಟೆಫ್ಲಾನ್ ಬಳಿದ ಗಾಜಿನ ನಾರು. ಅದು ಹರಿದರೆ ಕೆಳಗೆ ಕೂತವರು ಏನೂ ಮಾಡುವ ಹಾಗಿಲ್ಲ. ರೇಬೋ ಒಂದೇ ಸಲ ಹಳೆಯದಾಗಲ್ಲ, ಒಳಗೆ ಇರುವವನೇ ಅದನ್ನು ಸ್ವಲ್ಪಸ್ವಲ್ಪ ಹೊಸದು ಮಾಡುತ್ತಿರುತ್ತಾನೆ. ಆ ಲೆಕ್ಕವನ್ನು ನಕ್ಷೆಯಲ್ಲಿ ಹೇಗೆ ಬರೆಯೋದು? ನಮ್ಮ ಒಪ್ಪಂದದಲ್ಲಿ 'ಕೆಲಸ ಪೂರ್ಣಗೊಂಡ ದಿನಾಂಕ' ಅಂತ ಒಂದು ಸಾಲು ಇರಲೇಬೇಕು. ಅದಿಲ್ಲದೆ ಬಿಲ್ ಆಗಲ್ಲ.

ರೇಬೋ ನೋಡಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಪರಿಚಯದ ಡ್ರೈವರ್ ಇರಲಿ, ಕೇಳದೆ ಒಳಗೆ ಕ್ಯಾಮೆರಾ ತೆಗೆಯಬೇಡಿ. ನಾಯಿಗಳಿರುತ್ತವೆ, ಮನೆಯವರು ಹೊರಗೆ ಬರುವವರೆಗೂ ಗಾಡಿಯಲ್ಲೇ ಕೂತಿರಿ. ಲೇಹ್ ಮಾರುಕಟ್ಟೆಯಲ್ಲಿ 'ಯಾಕ್ ಉಣ್ಣೆ' ಅಂತ ಅಗ್ಗಕ್ಕೆ ಕೊಡುವ ಮೆತ್ತನೆಯ ಕಂಬಳಿಗಳನ್ನು ನಂಬಬೇಡಿ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ನಾತ ಬಂದರೆ ಸರಿ. ಕರಗಿ ಗಟ್ಟಿ ಮಣಿಯಾದರೆ ಅದು ಅಕ್ರಿಲಿಕ್. ಅಂಗಡಿಯವರು ಬೈಯಬಹುದು, ಬೈಯಲಿ ಬಿಡಿ.